ಹಾಯಿ ಹಡಗಿನ ಕಥೆಗಳೂ ಘಟ್ಟದ ತೋಟಗಳೂ

ಬೆಳೆಗಾರ ಬಾಂಧವರಲ್ಲಿ ಅನೇಕರು ಮಳೆಗಾಲದ ಬಿಡುವಿನಲ್ಲಿ ಕಾದಂಬರಿ ಓದುವ ಹವ್ಯಾಸವುಳ್ಳವರು. ಪತ್ತೇದಾರಿ ಕಥೆ, ಸಾಮಾಜಿಕ ಕಾದಂಬರಿ, ಶಿಕಾರಿಯ ಅನುಭವ ಇವೆಲ್ಲ ನಮ್ಮ ಮನೆಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಹರಿದ ಪುಸ್ತಕಗಳು. ಆ ಸಾಲಿಗೆ ಇನ್ನೂ ಒಂದು ಬಗೆಯನ್ನು ಸೇರಿಸಿಕೊಳ್ಳಬಹುದೆಂದು ಸೂಚಿಸುವುದೇ ಈ ಲೇಖನದ ಉದ್ದೇಶ. ಅದು ಹಾಯಿಯ ಕಾಲದ ಯುದ್ಧನೌಕೆಗಳ ಕಥೆ. ಉಗಿಯಂತ್ರ ಬರುವುದಕ್ಕೆ ಮುಂಚೆ ಬರಿಯ ಗಾಳಿಯ ಬಲದಿಂದ ಓಡುತ್ತಿದ್ದ ಮರದ ಹಡಗುಗಳು, ಅವುಗಳ ಕಪ್ತಾನರು, ಖಲಾಸಿಗಳು, ಫಿರಂಗಿಗಳು, ಇವರ ಇತಿಹಾಸ ಮತ್ತು ಇವರನ್ನು ಕುರಿತ ಕಾದಂಬರಿಗಳು.

ಈ ಮಾತನ್ನು ಹೇಳುವವನ ಊರು ಸಿಂಧನೂರು ತಾಲ್ಲೂಕಿನ ತುರ್ವಿಹಾಳ. ಇಲ್ಲಿಂದ ಕಡಲು ಬಹು ದೂರ. ನಮಗೆ ಕಾಲುವೆಯ ನೀರೇ ದೊಡ್ಡ ನೀರು. ಭತ್ತ ಬೆಳೆಯುವ ಬಯಲಿನವನಿಗೆ ಹಡಗಿನ ಗೊಡವೆ ಏಕೆ, ಅದನ್ನು ಕಾಫಿ ಅಡಿಕೆ ಬೆಳೆಯುವವರಿಗೆ ಹೇಳುವ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಕಾಲುವೆಯಲ್ಲಿ ಹರಿಯುವುದು ತುಂಗಭದ್ರೆಯ ನೀರು. ತುಂಗೆಯೂ ಭದ್ರೆಯೂ ಹುಟ್ಟುವುದು ನಿಮ್ಮ ತೋಟಗಳ ನೆತ್ತಿಯ ಮೇಲಿರುವ ಗಂಗಾಮೂಲದಲ್ಲಿ. ಇನ್ನು ನಮ್ಮ ನೆಲದ ಇತಿಹಾಸವನ್ನು ತೆಗೆದುಕೊಂಡರೂ ಅದರಲ್ಲಿ ಹಡಗಿನ ಪಾಲು ಇದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿಗಾಗಿ 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಹನೂ ರಾಯಚೂರಿನಲ್ಲಿ ಕಾದಿದರು. ವಿಜಯನಗರದ ಸೈನ್ಯದ ಕುದುರೆಗಳು ಅರಬ್ಬೀ ದೇಶದಿಂದ ಹಡಗಿನಲ್ಲಿ ಬಂದು ಗೋವೆ, ಭಟ್ಕಳಗಳಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬಂದವು. ಕೋಟೆಗೆ ಮುತ್ತಿಗೆ ಹಾಕಿದಾಗ ರಾಯನ ಪಕ್ಷದಲ್ಲಿ ನಿಂತು ಬಂದೂಕು ಹಾರಿಸಿದ ಪೋರ್ಚುಗೀಸರು ಕಡಲ ದಾರಿಯಿಂದ ಬಂದವರೇ. ಆ ಕಾಳಗದ ವಿವರವಾದ ವರದಿಯನ್ನು ಬರೆದಿಟ್ಟ ಫೆರ್ನಾವೊ ನೂನಿಜ್ ಎಂಬಾತನೂ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಕಡಲು ಕಾಣದ ಊರಿಗೂ ಕಡಲು ತಲುಪಿತ್ತು ಎಂಬುದಕ್ಕೆ ಇಷ್ಟು ಸಾಕು. ಘಟ್ಟದ ತೋಟಗಳಿಗೆ ಅದು ಹೇಗೆ ತಲುಪಿತ್ತೆಂಬುದನ್ನು ಮುಂದೆ ನೋಡೋಣ.

ಈ ಕಥೆಗಳ ಸ್ವಾರಸ್ಯ

ಹಾಯಿಯ ಕಾಲದ ಕಾದಂಬರಿಗಳಲ್ಲಿ ಹೆಸರಾದವು ಇಂಗ್ಲಿಷಿನವು. ಈ ಬಗೆಗೆ ತಳಹದಿ ಹಾಕಿದವರಲ್ಲಿ ಕ್ಯಾಪ್ಟನ್ ಮ್ಯಾರ್ಯಾಟ್ ಪ್ರಮುಖ. ಆತ ತಾನೇ ಯುದ್ಧನೌಕೆಯಲ್ಲಿ ಬೆಳೆದವನು. ಚಿಕ್ಕ ವಯಸ್ಸಿನಲ್ಲಿ ಲಾರ್ಡ್ ಕಾಕ್ರೇನ್ ಎಂಬ ಸಾಹಸಿ ಕಪ್ತಾನನ ಕೈಕೆಳಗೆ ದುಡಿದವನು. ಶತಮಾನದ ನಂತರ, 1937ರಲ್ಲಿ, ಸಿ. ಎಸ್. ಫಾರೆಸ್ಟರ್ ಹಾರ್ನ್‌ಬ್ಲೋವರ್ ಎಂಬ ಕಪ್ತಾನನನ್ನು ಸೃಷ್ಟಿಸಿದ. ಇವರಿಬ್ಬರಿಗಿಂತ ಹೆಚ್ಚಿನ ಅಭಿಮಾನಿಗಳನ್ನು ಈಚಿನ ದಶಕಗಳಲ್ಲಿ ಗಳಿಸಿದವನು ಪ್ಯಾಟ್ರಿಕ್ ಒಬ್ರಿಯಾನ್. 1969ರಿಂದ 1999ರವರೆಗೆ ಜ್ಯಾಕ್ ಆಬ್ರಿ ಎಂಬ ಕಪ್ತಾನ ಮತ್ತು ಸ್ಟೀಫನ್ ಮ್ಯಾಟುರಿನ್ ಎಂಬ ವೈದ್ಯ, ಈ ಇಬ್ಬರು ಗೆಳೆಯರ ಸುತ್ತ ಆತ ಇಪ್ಪತ್ತು ಕಾದಂಬರಿಗಳನ್ನು ಬರೆದ. 2003ರಲ್ಲಿ ಇವುಗಳ ಆಧಾರದ ಮೇಲೆ ಒಂದು ಚಲನಚಿತ್ರವೂ ಬಂದಿತು. ನಮ್ಮ ವಾಚಕರಿಗೆ ಪ್ರಿಯವಾಗಬಹುದಾದ ಸಂಗತಿಯೆಂದರೆ, ಈ ಇಬ್ಬರಿಗೂ ಕಾಫಿಯ ಹುಚ್ಚು ಬಲವಾದದ್ದು. ಹಡಗಿನ ಕೋಣೆಯಲ್ಲಿ ಇವರು ಕಾಫಿ ಕುಡಿಯುತ್ತ ಕೂರುವ ಪ್ರಸಂಗಗಳು ಪುಸ್ತಕದಿಂದ ಪುಸ್ತಕಕ್ಕೆ ಬರುತ್ತಲೇ ಇರುತ್ತವೆ. 1973ರಲ್ಲಿ ಬಂದ ಮೂರನೆಯ ಕಾದಂಬರಿಯಲ್ಲಿ ಹಡಗು ಬೊಂಬಾಯಿಗೂ ಬರುತ್ತದೆ.

ಈ ಕಾದಂಬರಿಗಳಲ್ಲಿ ನಂಬಲಾಗದ ಸಾಹಸಗಳು ಕಂಡರೆ ಅವು ಬರಿಯ ಕಟ್ಟುಕಥೆ ಎಂದು ತಳ್ಳಿಬಿಡಬಾರದು. ಒಬ್ರಿಯಾನನ ಮೊದಲ ಕಾದಂಬರಿಯ ಮುಖ್ಯ ಕಾಳಗ ನಿಜವಾಗಿ ನಡೆದದ್ದು. 1801ರ ಮೇ 6ರಂದು ಮೇಲೆ ಹೇಳಿದ ಕಾಕ್ರೇನ್, ಸ್ಪೀಡಿ ಎಂಬ ಪುಟ್ಟ ಹಡಗಿನಿಂದ ಸ್ಪೇನಿನ ಗಾಮೊ ಎಂಬ ದೊಡ್ಡ ನೌಕೆಯನ್ನು ಹಿಡಿದ. ಈತನ ಬಳಿ ಇದ್ದದ್ದು ನಾಲ್ಕು ಪೌಂಡು ಗುಂಡಿನ 14 ಸಣ್ಣ ಫಿರಂಗಿ, 54 ಜನ. ಎದುರಿಗಿದ್ದದ್ದು 32 ಫಿರಂಗಿ, 319 ಜನ. ಕಾಕ್ರೇನ್ ತನ್ನ ಹಡಗನ್ನು ದೊಡ್ಡದರ ಮಗ್ಗುಲಿಗೇ ತಂದು ಅಂಟಿಸಿದ. ಎತ್ತರದಲ್ಲಿದ್ದ ಸ್ಪೇನಿನ ಫಿರಂಗಿಗಳ ಗುಂಡುಗಳು ಅವನ ತಲೆಯ ಮೇಲಿಂದ ಹಾರಿಹೋದವು. ಅವನ ಗುಂಡುಗಳು ಮಾತ್ರ ಕೆಳಗಿನಿಂದ ಮೇಲಕ್ಕೆ ತೂರಿ ನಾಟಿದವು.

ಗಾಳಿಯ ಪಂಚಾಂಗ

ಈ ಕಥೆಗಳನ್ನು ಸವಿಯಲು ಗಾಳಿಯ ಲೆಕ್ಕ ಸ್ವಲ್ಪ ತಿಳಿದಿರಬೇಕು. ಹಾಯಿ ಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು. ಗುಡ್ಡ ಹತ್ತುವ ಗಾಡಿರಸ್ತೆ ಹೇಗೆ ಆ ಕಡೆ ಈ ಕಡೆ ಬಳಸಿ ಏರುತ್ತದೆಯೋ ಹಾಗೆ ಅಡ್ಡಡ್ಡ ಓಡಿ ಮುಂದುವರಿಯಬೇಕು. ಆದ್ದರಿಂದ ಗಾಳಿ ಬರುವ ಕಡೆಗಿದ್ದ ಹಡಗಿಗೆ ಮೇಲುಗೈ. ಬೇಕೆಂದಾಗ ಶತ್ರುವಿನ ಮೇಲೆ ಬೀಳುವ, ಬೇಡವೆಂದಾಗ ತಡೆಯುವ ಸ್ವಾತಂತ್ರ್ಯ ಅದರದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಈ ಜಾಗಕ್ಕಾಗಿಯೇ ಎರಡು ಹಡಗುಗಳು ಹೆಣಗುತ್ತವೆ. ಕಾದಂಬರಿಯ ಅರ್ಧ ರೋಮಾಂಚನ ಇದರಲ್ಲಿದೆ.

ನಮ್ಮ ಪಡುಗಡಲಿನಲ್ಲಿ ಗಾಳಿಗೆ ಒಂದು ಪಂಚಾಂಗವೇ ಉಂಟು. ಜೂನ್‌ನಿಂದ ನೈಋತ್ಯದ ಗಾಳಿ ಕರಾವಳಿಗೆ ಅಪ್ಪಳಿಸುತ್ತದೆ. ಆಗ ಅಳಿವೆಗಳಲ್ಲಿ ಹಡಗು ನುಸುಳುವಂತಿಲ್ಲ. ಮಂಜಿ, ಪತ್ತೇಮಾರಿಗಳನ್ನು ದಡಕ್ಕೆಳೆದು ಮಡಲು ಹೊದಿಸಿಡುತ್ತಿದ್ದರು. ಮಳೆ ಹಿಂದೆಗೆದ ಮೇಲೆ ಬಂದರುಗಳು ತೆರೆದು ಮೇ ತಿಂಗಳವರೆಗೆ ವ್ಯಾಪಾರ ನಡೆಯುತ್ತಿತ್ತು. ಅಡಿಕೆ, ಕಾಫಿ, ಮೆಣಸು ಇವುಗಳ ಕೊಯ್ಲು ಒಣಗಿಸುವಿಕೆಯೂ ಈ ತಿಂಗಳುಗಳಲ್ಲೇ ಎಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಮುಂದಿನ ಮಳೆಗೆ ಮೊದಲು ಸರಕು ಹಡಗು ಹತ್ತದಿದ್ದರೆ ಮತ್ತೆ ನಾಲ್ಕು ತಿಂಗಳು ಮನೆಯಲ್ಲೇ ಉಳಿಯಿತು. ಹಾಗೆಯೇ ಕಡಲ ದಂಡುಗಳೂ ಈ ತಿಂಗಳುಗಳನ್ನೇ ಕಾಯುತ್ತಿದ್ದವು. ಶಿವಾಜಿ ಮಹಾರಾಜರು ಮೂರು ದೊಡ್ಡ ಹಡಗು, 85 ಸಣ್ಣ ಹಡಗುಗಳೊಡನೆ ಮಾಲವಣದಿಂದ ಹೊರಟು ಬಸರೂರನ್ನು ಸೂರೆಗೊಂಡದ್ದು 1665ರ ಫೆಬ್ರವರಿಯಲ್ಲಿ. ಕೊಯ್ಲಿನ ಕಾಲ, ವ್ಯಾಪಾರದ ಕಾಲ, ಕಾಳಗದ ಕಾಲ ಮೂರೂ ಒಂದೇ.

ನಮ್ಮ ಕರಾವಳಿಯ ಕಡಲ ಕಥೆ

ಕನ್ನಡ ನಾಡಿಗೂ ಕಡಲ ಕಥೆಗೂ ನಂಟು ಬಹಳ ಹಳೆಯದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನವಿದೆ. ಸುಮಾರು ಎರಡನೆಯ ಶತಮಾನದ ಪ್ರತಿ ಅದು. ಹಿಂದೂದೇಶದ ಕರಾವಳಿಯಲ್ಲಿ ಸೆರೆ ಸಿಕ್ಕ ಗ್ರೀಕ್ ಯುವತಿಯನ್ನು ಬಿಡಿಸಲು ಅವಳ ಕಡೆಯವರು ಹಡಗಿನಲ್ಲಿ ಬರುತ್ತಾರೆ. ಅಲ್ಲಿನ ಅರಸನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಮತ್ತೇರಿಸಿ ಅವಳನ್ನು ಹಡಗು ಹತ್ತಿಸಿಕೊಂಡು ಪರಾರಿಯಾಗುತ್ತಾರೆ. ಅರಸನ ಕಡೆಯವರು ಆಡುವ ಮಾತು ಕನ್ನಡವೆಂದು ಹುಲ್ಶ್ ಎಂಬ ಜರ್ಮನ್ ವಿದ್ವಾಂಸ ಸೂಚಿಸಿದ. ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಚರ್ಚಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲವಾದರೂ, ಹಡಗಿನ ಕಥೆಯೊಂದರಲ್ಲಿ ಕನ್ನಡದ ಸುಳಿವು ಇಷ್ಟು ಹಿಂದೆ ಕಂಡದ್ದು ಸಂತೋಷದ ವಿಷಯ.

ಪೋರ್ಚುಗೀಸರು 1498ರಲ್ಲಿ ಬಂದ ಮೇಲೆ ಈ ಕಡಲಿನ ರೀತಿಯೇ ಬದಲಾಯಿತು. ಅವರಿಂದ ಕರ್ತಾಜ್ ಎಂಬ ರಹದಾರಿ ಪತ್ರ ಪಡೆಯದ ಹಡಗನ್ನು ಅವರು ಹಿಡಿದು ಸರಕು ಸಮೇತ ವಶಪಡಿಸಿಕೊಳ್ಳುತ್ತಿದ್ದರು. ಬೆಳೆ ನಮ್ಮದು, ಹಡಗೂ ಎಷ್ಟೋ ವೇಳೆ ನಮ್ಮವರದೇ. ಆದರೆ ದಾರಿ ಮಾತ್ರ ಫಿರಂಗಿ ಇದ್ದವನದು. ಇದನ್ನು ಎದುರಿಸಿ ನಿಂತವರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಪ್ರಸಿದ್ಧಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಆ ಮೆಣಸು ಹಬ್ಬಿದ್ದದ್ದು ಘಟ್ಟದ ಮರಗಳ ಮೇಲೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ಅರಮನೆಯಲ್ಲಿರಲಿಲ್ಲ. ಬರಿಗಾಲಿನಲ್ಲಿ ನಡೆದು ಕಾಲುವೆ ತೋಡುವ ಕೆಲಸವನ್ನು ನೋಡಲು ಬಂದಿದ್ದಳು. ಕಡಲಿನವರನ್ನು ಎದುರಿಸಿದ ಮನೆತನಕ್ಕೆ ಹೊಲ ತೋಟಗಳ ನೀರಿನ ಚಿಂತೆಯೂ ಇತ್ತು. 2012ರಲ್ಲಿ ಸೇವೆಗೆ ಸೇರಿದ ಭಾರತೀಯ ತಟರಕ್ಷಣಾ ಪಡೆಯ ಒಂದು ಗಸ್ತು ಹಡಗಿಗೆ ರಾಣಿ ಅಬ್ಬಕ್ಕನ ಹೆಸರಿಡಲಾಗಿದೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಅದರೊಡನೆ ಕರಾವಳಿಯೂ ದಕ್ಕಿತು. ಮಂಗಳೂರಿನಲ್ಲಿ ಆತ ನೌಕಾಬಲ ಕಟ್ಟಲು ಹೊರಟ. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷರ ದಂಡು ಅದಕ್ಕೆ ಮೊದಲ ಪೆಟ್ಟು ಕೊಟ್ಟಿತು. ಮತ್ತೆ ಕಟ್ಟಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಮಂಗಳೂರಿನಲ್ಲಿದ್ದ ಹಡಗುಗಳನ್ನು ನಾಶಮಾಡಿದ. ಹೈದರನ ಸೈನ್ಯ ಆಗ ಘಟ್ಟದಾಚೆ ಆರ್ಕಾಟಿನ ಸೀಮೆಯಲ್ಲಿ ಗೆಲ್ಲುತ್ತಿತ್ತು. ನೆಲದಲ್ಲಿ ಗೆದ್ದದ್ದನ್ನು ನೀರಿನಲ್ಲಿ ಉಳಿಸಿಕೊಳ್ಳಲಾಗದ ಈ ಸಂಕಟದಲ್ಲಿ ಆತ ಫ್ರೆಂಚರ ಅಡ್ಮಿರಲ್ ಸಫ್ರನ್‌ನನ್ನು ನಂಬಿದ. 1782ರ ಜುಲೈನಲ್ಲಿ ಕಡಲೂರಿನ ಬಳಿ ಇಬ್ಬರೂ ಭೇಟಿಯಾದರು. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಮೂಡುಗಡಲಿನಲ್ಲಿ ಸಫ್ರನ್ ಮತ್ತು ಅದೇ ಹ್ಯೂಸ್ ಐದು ಬಾರಿ ಕಾದಿದರು. ಯಾವ ಒಂದು ಕಾಳಗವೂ ಪೂರ್ತಿ ಗೆಲುವಾಗಿ ಮುಗಿಯಲಿಲ್ಲ. ಹಾಯಿ ಯುದ್ಧದ ಇತಿಹಾಸ ಬಲ್ಲವರು ಇಂದಿಗೂ ಈ ಐದು ಕಾಳಗಗಳ ನಕ್ಷೆ ಹರಡಿಕೊಂಡು ಚರ್ಚಿಸುತ್ತಾರೆ. ಹೈದರ್ ಮಾತ್ರ 1782ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ.

ಟಿಪ್ಪು ಸುಲ್ತಾನ್ ಈ ಪಾಠವನ್ನು ಮರೆಯಲಿಲ್ಲ. 1796ರಲ್ಲಿ ಸುಮಾರು ನಲವತ್ತು ದೊಡ್ಡ ಯುದ್ಧನೌಕೆಗಳನ್ನು ಕಟ್ಟುವ ವಿವರವಾದ ಆಜ್ಞೆ ಹೊರಡಿಸಿದ. ಮಂಗಳೂರು, ಮಿರ್ಜಾನಿನ ಆಸುಪಾಸು, ಸದಾಶಿವಗಡ ಈ ಮೂರು ಕಡೆ ಹಡಗುಕಟ್ಟೆಗಳು. ಘಟ್ಟದ ಮರ ಹೊಳೆಯಲ್ಲಿ ತೇಲಿ ಬರುವ ಜಾಗಗಳಿವು. ಮೂರು ವರ್ಷದಲ್ಲಿ, 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಯೋಜನೆ ಕಾಗದದಲ್ಲೇ ಉಳಿಯಿತು.

ತೇಗದ ಮರದ ಕಥೆ

ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಬಾರದ, ಆದರೆ ಬೆಳೆಗಾರನಿಗೆ ಹತ್ತಿರವಾದ ಸಂಗತಿ ಇಲ್ಲಿಂದ ಆರಂಭ. ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ನಿಂತಿದ್ದ ವಿಕ್ಟರಿ ಎಂಬ ಹಡಗಿಗೆ ಸುಮಾರು 6,000 ಮರಗಳು ಬೇಕಾದವು. ಅದರಲ್ಲಿದ್ದ ಜನ ಸುಮಾರು 820. ಫ್ರಾನ್ಸಿನೊಡನೆ ಎಡೆಬಿಡದೆ ಕಾದಾಡುತ್ತಿದ್ದ ಇಂಗ್ಲೆಂಡಿನಲ್ಲಿ ಒಳ್ಳೆಯ ಓಕ್ ಮರ ವಿರಳವಾಗುತ್ತ ಬಂದಿತು. ಬೊಂಬಾಯಿಯಲ್ಲಿ ವಾಡಿಯಾ ಮನೆತನದ ಪಾರಸೀ ಕುಶಲಿಗರು ಘಟ್ಟದ ತೇಗದಿಂದ ಕಟ್ಟಿದ ಹಡಗುಗಳು ಓಕ್ ಹಡಗುಗಳಿಗಿಂತ ಹೆಚ್ಚು ಬಾಳುತ್ತವೆಂದು ಅವರಿಗೆ ತಿಳಿದಿತ್ತು. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಬೇಗ ಕೊಳೆಯದು, ಕಬ್ಬಿಣದ ಮೊಳೆಯನ್ನೂ ತಿನ್ನದು. ಹಾಯಿ ಕಟ್ಟುವ ಕೂವೆಗೆ ನಮ್ಮ ಕಾಡಿನ ಸುರಹೊನ್ನೆಯ ಬಳಗದ ನೀಳ ಮರಗಳೂ ಹೋದವು. ಇಂಗ್ಲಿಷರು ಅದನ್ನು ಪೂನ್ ಎಂದು ಕರೆದರು.

ಹಡಗು ಕಟ್ಟುವ ಮರವನ್ನು ಕಾಯ್ದಿರಿಸಲು ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಪಶ್ಚಿಮ ಕರಾವಳಿಯಲ್ಲಿ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹಿಂದೂದೇಶದಲ್ಲಿ ಆ ಹುದ್ದೆಗೆ ಬಂದ ಮೊದಲ ವ್ಯಕ್ತಿ ಈತ. ಹೆಸರು ಸಂರಕ್ಷಕ, ಕೆಲಸ ತೇಗದ ಗುತ್ತಿಗೆ. ಖಾಸಗಿ ಜಮೀನಿನ ಮರವನ್ನು ಕೂಡ ಕಂಪನಿಯ ಹೊರತು ಬೇರೆಯವರು ಕಡಿದು ಮಾರುವಂತಿಲ್ಲವಾಯಿತು. ಜಮೀನುದಾರರ, ಮರದ ವ್ಯಾಪಾರಿಗಳ, ಸೌದೆ ಸೊಪ್ಪಿಗೆ ಕಾಡನ್ನು ನಂಬಿದ್ದ ರೈತರ ಅಸಮಾಧಾನ ಬೆಳೆಯುತ್ತ ಹೋಯಿತು. ಕೊನೆಗೆ ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, 1823ರಲ್ಲಿ, ಆ ಹುದ್ದೆಯನ್ನೇ ರದ್ದುಮಾಡಲಾಯಿತು. ಅಷ್ಟರಲ್ಲಿ ಹೊಳೆಗಳ ಬದಿಯ ಒಳ್ಳೆಯ ತೇಗ ಎಷ್ಟೋ ಕಡೆ ಮುಗಿದಿತ್ತು. ಇಂದು ನಮ್ಮ ತೋಟದ ತೇಗವನ್ನು ಕಡಿಯಲು ಅರ್ಜಿ ಹಿಡಿದು ಕಚೇರಿಗೆ ಅಲೆಯುತ್ತೇವೆ. ಇಂದಿನ ಕಾಯಿದೆ ಬೇರೆ, ಅದರ ಉದ್ದೇಶವೂ ಬೇರೆ. ಆದರೆ ಸ್ವಂತ ಜಮೀನಿನ ಮರದ ಮೇಲೆ ಸರ್ಕಾರದ ಕೈ ಇಷ್ಟು ಬಿಗಿಯಾಗಿ ಬಿದ್ದ ಆ ಹಳೆಯ ಪ್ರಸಂಗಕ್ಕೆ ಕಾರಣ ಎಲ್ಲೋ ದೂರದ ಕಡಲಿನ ಯುದ್ಧನೌಕೆ ಎಂಬುದನ್ನು ತಿಳಿದರೆ ಹಡಗಿನ ಕಥೆಯನ್ನು ಓದುವ ಕಣ್ಣೇ ಬೇರೆಯಾಗುತ್ತದೆ.

ಆ ತೇಗದ ಹಡಗುಗಳು ಎಲ್ಲಿಗೆ ಹೋದವು? 1813ರಲ್ಲಿ ಬೊಂಬಾಯಿಯಲ್ಲಿ ನೀರಿಗಿಳಿದ ಕಾರ್ನ್‌ವಾಲಿಸ್ ಎಂಬ ಹಡಗಿನ ಮೇಲೆ 1842ರಲ್ಲಿ ಚೀನದವರು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. 1815ರ ವೆಲ್ಲೆಸ್ಲಿ ಎಂಬ ಹಡಗು 1940ರಲ್ಲಿ ಥೇಮ್ಸ್ ನದಿಯಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಸಿಕ್ಕುವವರೆಗೆ, ಅಂದರೆ 125 ವರ್ಷ, ತೇಲಿಕೊಂಡಿತ್ತು. 1817ರ ಟ್ರಿಂಕೊಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ಎಲ್ಲಕ್ಕಿಂತ ವಿಚಿತ್ರವಾದದ್ದು 1819ರಲ್ಲಿ ಬೊಂಬಾಯಿಯಲ್ಲಿ ಕಟ್ಟಿದ ಒಂದು ಯುದ್ಧನೌಕೆಯ ಹೆಸರು: ಸೆರಿಂಗಪಟಂ. ನಲವತ್ತು ಹಡಗುಗಳ ಕನಸು ಕಂಡವನ ರಾಜಧಾನಿಯ ಹೆಸರನ್ನು ಗೆದ್ದವರು ತಮ್ಮ ಹಡಗಿಗಿಟ್ಟರು. ಅದರ ಮುಂಭಾಗದಲ್ಲಿದ್ದ, ಕೊಡೆ ಹಿಡಿದು ಗರುಡನಂಥ ಹಕ್ಕಿಯ ಮೇಲೆ ಕುಳಿತ ಮರದ ಪುರುಷಮೂರ್ತಿ ಈಗ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಹಡಗು ಕಲಿಸಿದ ಕಾಫಿ

ಹಾಯಿ ಹಡಗು ನಮ್ಮಿಂದ ತೆಗೆದುಕೊಂಡದ್ದಷ್ಟೇ ಅಲ್ಲ, ಒಂದು ವಿದ್ಯೆಯನ್ನು ಬಿಟ್ಟೂ ಹೋಗಿದೆ. ಮಂಗಳೂರಿನಿಂದ ಹೊರಟ ಕಾಫಿ ಆಫ್ರಿಕದ ತುದಿ ಬಳಸಿ ಯುರೋಪು ಸೇರಲು ಆರು ತಿಂಗಳವರೆಗೂ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ ಕಡಲಿನ ಹಸಿಗಾಳಿ ಕುಡಿದು ಬೀಜ ಉಬ್ಬಿ, ಹಸಿರು ಹೋಗಿ, ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹುಳಿ ಇಳಿದು ರುಚಿ ಮೃದುವಾಗುತ್ತಿತ್ತು. ಅಲ್ಲಿನವರು ಅದೇ ನಮ್ಮ ಕಾಫಿಯ ಗುಣವೆಂದು ಒಗ್ಗಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗುಗಳು ಬೇಗ ಮುಟ್ಟತೊಡಗಿದಾಗ ಬೀಜ ಹಸಿರಾಗಿಯೇ ತಲುಪಿತು. ಹಳೆಯ ಗಿರಾಕಿಗಳಿಗೆ, ಮುಖ್ಯವಾಗಿ ಉತ್ತರ ಯುರೋಪಿನವರಿಗೆ, ಅದು ರುಚಿಸಲಿಲ್ಲ.

ಆಗ ಹುಟ್ಟಿದ್ದೇ ಮಾನ್ಸೂನ್ ಕಾಫಿಯ ಸಂಸ್ಕರಣೆ. ಕರಾವಳಿಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆರಿ ಬೀಜವನ್ನು ನೆಲದ ಮೇಲೆ ಹರಡಿ, ಮಳೆಗಾಳಿ ಆಡಲು ಬಿಟ್ಟು, ಆಗಾಗ ಕೈಯಾಡಿಸಿ, ಬಳಿಕ ಸಡಿಲವಾಗಿ ಚೀಲಕ್ಕೆ ತುಂಬಿ ಗಾಳಿ ನುಗ್ಗುವಂತೆ ಸಾಲು ಸಾಲಾಗಿ ಒಟ್ಟುತ್ತಾರೆ. ಚೀಲಗಳನ್ನು ಮತ್ತೆ ಮತ್ತೆ ಬದಲಿಸುತ್ತಾರೆ. 12ರಿಂದ 16 ವಾರಗಳಲ್ಲಿ ಬೀಜ ಉಬ್ಬಿ ಹೊಂಬಣ್ಣ ತಾಳುತ್ತದೆ. ಹಡಗಿನ ಆರು ತಿಂಗಳನ್ನು ಗೋದಾಮಿನ ಮಳೆಗಾಲದಲ್ಲಿ ಮಾಡಿ ತೋರಿಸುವ ಉಪಾಯವಿದು. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿಗೆ ಈಗ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಹಡಗು ಬಂದರು ಮುಟ್ಟಲಾರದಂತೆ ತಡೆಯುತ್ತಿದ್ದ ಅದೇ ಗಾಳಿ ಇಂದು ಬೀಜಕ್ಕೆ ಬೆಲೆ ತರುತ್ತಿದೆ.

ಓದಲು, ನೋಡಲು ಬಯಸುವವರಿಗೆ

ಈ ಕಾದಂಬರಿಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ಮೊದಲ ಐವತ್ತು ಪುಟ ಹಗ್ಗ, ಹಾಯಿ, ಕೂವೆಗಳ ಹೆಸರಿನ ಕಾಡಾಗಿ ಕಾಣುತ್ತದೆ. ಅದಕ್ಕೆ ಎದೆಗುಂದಬೇಕಾಗಿಲ್ಲ. ಒಬ್ರಿಯಾನನ ವೈದ್ಯನಿಗೂ ಹಡಗಿನ ವಿಷಯ ಏನೇನೂ ತಿಳಿಯದು. ಅವನಿಗೆ ಹೇಳಿಕೊಡುವ ನೆಪದಲ್ಲಿ ಓದುಗನಿಗೂ ಹೇಳಿಕೊಡುತ್ತಾರೆ. ತಿಳಿಯದ ಪದವನ್ನು ದಾಟಿ ಮುಂದೆ ಹೋದರೆ ಕಥೆ ತಾನಾಗಿ ಎಳೆದುಕೊಂಡು ಹೋಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಇವು ಗೆದ್ದವರ ಕಡೆಯ ಕಥೆಗಳು. ಹಡಗಿನ ಮರ, ಹಗ್ಗ, ಮೆಣಸು, ಕಾಫಿ ಎಲ್ಲಿಂದ ಬಂದವು, ಬೆಳೆದವನಿಗೆ ಏನು ದಕ್ಕಿತು ಎಂಬುದನ್ನು ಕಪ್ತಾನನು ಕೇಳುವುದಿಲ್ಲ. ಓದುವ ಬೆಳೆಗಾರನೇ ಕೇಳಿಕೊಳ್ಳಬೇಕು.

ಮಂಗಳೂರಿಗೆ ಅಡಿಕೆಯ ವ್ಯವಹಾರಕ್ಕೆ ಹೋದವರು ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೋಡಬಹುದು. ಯುದ್ಧನೌಕೆಗಳು ಗುರುಪುರ ನದಿಯೊಳಗೆ ನುಗ್ಗದಂತೆ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು ಅದು. ಕುಮಟಾದ ಹತ್ತಿರ ಮಿರ್ಜಾನ್ ಕೋಟೆ ಇದೆ. ಕಾರವಾರದ ಕಡಲತೀರದಲ್ಲಿ ಚಾಪಲ್ ಎಂಬ ನಮ್ಮ ನೌಕಾಪಡೆಯ ನಿವೃತ್ತ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಅದೇ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ ತಿಂಗಳಲ್ಲಿ ಕೌಂಡಿನ್ಯ ಎಂಬ ಹಾಯಿ ಹಡಗನ್ನು ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು. ಹಳೆಯ ಪದ್ಧತಿಯಂತೆ ಮರದ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು ಇದು. ಇದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಮಳೆ ಕಳೆದು ಗಾಳಿ ತಿರುಗಿದ ಮೇಲೆ, ಹಿಂದಿನವರ ಪಂಚಾಂಗದಂತೆಯೇ, ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಅದು ಮಸ್ಕತ್ತನ್ನು ಮುಟ್ಟಿತು.

ಮಕ್ಕಳ ರಜೆಯಲ್ಲಿ ಈ ಜಾಗಗಳಿಗೆ ಕರೆದೊಯ್ದರೆ, ತಮ್ಮ ತೋಟದ ಮೆಣಸಿನ ಬಳ್ಳಿಗೂ ಬೇಲಿಯಂಚಿನ ತೇಗಕ್ಕೂ ಕಡಲಿಗೂ ಇರುವ ನಂಟನ್ನು ಅವರು ಪುಸ್ತಕವಿಲ್ಲದೆಯೇ ಅರಿತಾರು.